ಬಿಟ್ಟ ಸೀಟು, ಮತ್ತೆ ಬರೆಯುವ ನೀಟ್

ಸೀಟು ಸಿಗಲಿಲ್ಲವೆಂಬ ಪತ್ರಗಳು ಈ ಅಂಕಣಕ್ಕೆ ಪ್ರತಿವರ್ಷ ಬರುತ್ತವೆ. ಈ ಸಲ ಸಿಕ್ಕ ಮೆಡಿಕಲ್ ಸೀಟನ್ನು ಬಿಟ್ಟವರ ಪತ್ರಗಳೇ ಹೆಚ್ಚು. ಊರು ದೂರವೆಂದು ಬಿಟ್ಟವರಿದ್ದಾರೆ, ಫೀಸು ಹೊಂದಿಸಲಾಗದೆ ಬಿಟ್ಟವರಿದ್ದಾರೆ, ಇನ್ನೂ ಒಳ್ಳೆಯದು ಬರಬಹುದೆಂದು ಬಿಟ್ಟು ಕೂತವರೂ ಇದ್ದಾರೆ. ಎಲ್ಲರಿಗೂ ಇರುವ ಅಳುಕು ಒಂದೇ: ಬೇಡವೆಂದವರಿಗೆ ಬಾಗಿಲು ಮತ್ತೆ ತೆರೆಯುತ್ತದೆಯೇ? ಆಯ್ದ ಏಳು ಪತ್ರಗಳಿಗೆ ಇಲ್ಲಿ ಉತ್ತರವಿದೆ. ಬರೆದವರ ಕೋರಿಕೆಯಂತೆ ಅವರ ಹೆಸರನ್ನೂ ಕಾಲೇಜಿನ ಹೆಸರನ್ನೂ ಕೈಬಿಟ್ಟಿದ್ದೇವೆ.

ಪ್ರಶ್ನೆ: ಮೇಡಂ, ಪಿಯುಸಿ ಮುಗಿಸಿದ ವರ್ಷವೇ ನೀಟ್‌ನಲ್ಲಿ ಪರವಾಗಿಲ್ಲ ಎನ್ನುವಂಥ ರ‍್ಯಾಂಕ್ ಬಂತು. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೊದಲ ಸುತ್ತಿನಲ್ಲಿ ನಮ್ಮ ಭಾಗದ ಒಂದು ಹೊಸ ಸರ್ಕಾರಿ ಕಾಲೇಜು ಸಿಕ್ಕಿತು. ಹೊಸ ಕಾಲೇಜಿನಲ್ಲಿ ರೋಗಿಗಳೇ ಇರುವುದಿಲ್ಲ ಎಂದು ಬಂಧುಗಳೆಲ್ಲ ಹೆದರಿಸಿದರು. ಚಾಯ್ಸ್ 3 ಕೊಟ್ಟು, ಆ ಕಾಲೇಜನ್ನು ಪಟ್ಟಿಯಿಂದ ತೆಗೆದು, ಬೆಂಗಳೂರು, ಮೈಸೂರು ಮಾತ್ರ ಇಟ್ಟುಕೊಂಡೆ. ಮುಂದಿನ ಸುತ್ತುಗಳಲ್ಲಿ ಏನೂ ಬರಲಿಲ್ಲ. ಈಗ ಧಾರವಾಡದಲ್ಲಿ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿದ್ದೇನೆ. ಒಮ್ಮೆ ಸೀಟು ಬಿಟ್ಟವನಿಗೆ ಕೆಇಎ ಮತ್ತೆ ಸೀಟು ಕೊಡುತ್ತದೆಯೇ? ಕಳೆದ ವರ್ಷದ ಅಂಕ ಏನಾದರೂ ಉಪಯೋಗಕ್ಕೆ ಬರುತ್ತದೆಯೇ?
— ವಿದ್ಯಾರ್ಥಿ, ಸಿಂಧನೂರು

ಉತ್ತರ: ಸೀಟು ಕೊಡುತ್ತದೆ. ಹಂಚಿಕೆ ನಡೆಯುವುದು ಕಂಪ್ಯೂಟರಿನಲ್ಲಿ. ಅದು ನೋಡುವುದು ಈ ವರ್ಷದ ರ‍್ಯಾಂಕ್, ನಿಮಗೆ ಅನ್ವಯಿಸುವ ಮೀಸಲಾತಿ, ನೀವು ಕೊಟ್ಟ ಆಪ್ಷನ್‌ಗಳ ಕ್ರಮ, ಇಷ್ಟನ್ನೇ. ಮೊದಲ ಸುತ್ತಿನಲ್ಲೇ ಚಾಯ್ಸ್ 3 ಕೊಟ್ಟು ಹೊರಬಂದವರ ಮೇಲೆ ಯಾವ ಕಪ್ಪುಚುಕ್ಕೆಯೂ ಉಳಿಯುವುದಿಲ್ಲ. ಕಳೆದ ವರ್ಷದ ಅಂಕವನ್ನು ಮಾತ್ರ ಮರೆತುಬಿಡಿ. ಭಾರತದ ಎಂಬಿಬಿಎಸ್ ಪ್ರವೇಶಕ್ಕೆ ನೀಟ್ ಅಂಕ ಆ ವರ್ಷಕ್ಕಷ್ಟೇ ಸಲ್ಲುತ್ತದೆ.

ಈ ಸಲ ಚಾಯ್ಸ್‌ಗಳ ಅರ್ಥ ಸರಿಯಾಗಿ ತಿಳಿದುಕೊಳ್ಳಿ. ಚಾಯ್ಸ್ 1 ಎಂದರೆ ಸೀಟು ಒಪ್ಪಿ ಕಾಲೇಜಿಗೆ ಸೇರುವುದು. ಚಾಯ್ಸ್ 2 ಎಂದರೆ ಸಿಕ್ಕಿದ್ದನ್ನು ಕೈಯಲ್ಲಿ ಇಟ್ಟುಕೊಂಡೇ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವ ಕಾಲೇಜಿಗೆ ಕಾಯುವುದು. ಮೇಲಿನದು ಬಂದರೆ ಹಳೆಯದು ತಾನಾಗಿ ಹೋಗುತ್ತದೆ, ಬಾರದಿದ್ದರೆ ಹಳೆಯದು ನಿಮ್ಮದೇ. ಚಾಯ್ಸ್ 3 ಕೊಟ್ಟರೆ ಕೈಯಲ್ಲಿದ್ದುದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋದಂತೆ. ಚಾಯ್ಸ್ 4 ಪೂರ್ತಿ ಹೊರನಡೆಯುವುದು. ಬೆಂಗಳೂರು, ಮೈಸೂರು ಬೇಕೆನ್ನುವ ನಿಮ್ಮಂಥವರಿಗೆ ಇರುವುದೇ ಚಾಯ್ಸ್ 2. ಗಟ್ಟಿ ಕಾರಣವಿಲ್ಲದೆ ಚಾಯ್ಸ್ 3ರ ಕಡೆ ಹೋಗಬೇಡಿ.

ಇನ್ನು ನಿಮ್ಮ ಬಂಧುಗಳ ಮಾತು. ರಾಜ್ಯದ ಹೊಸ ಸರ್ಕಾರಿ ಮೆಡಿಕಲ್ ಕಾಲೇಜುಗಳು ಹೆಚ್ಚಾಗಿ ಇದ್ದ ಜಿಲ್ಲಾಸ್ಪತ್ರೆಗಳಿಗೇ ಜೋಡಿಸಿ ಕಟ್ಟಿದವು. ಕಟ್ಟಡ ಹೊಸತಿರಬಹುದು, ಹಾಸ್ಟೆಲ್ ಅರೆಬರೆ ಇರಬಹುದು, ಕೆಲವು ವಿಭಾಗಗಳಲ್ಲಿ ಅಧ್ಯಾಪಕರು ಕಡಿಮೆ ಇರಬಹುದು. ಜಿಲ್ಲಾಸ್ಪತ್ರೆಗೆ ಬರುವ ಬಾಣಂತಿಯರಿಗೂ ಜ್ವರದ ಮಕ್ಕಳಿಗೂ ಹಾವು ಕಚ್ಚಿದವರಿಗೂ ಕೊರತೆಯಿಲ್ಲ.

ಪ್ರಮಾಣಪತ್ರಗಳನ್ನು ಈಗಲೇ ನೋಡಿಕೊಳ್ಳಿ. ಸಿಂಧನೂರು ರಾಯಚೂರು ಜಿಲ್ಲೆಯಲ್ಲಿದೆ, ಅಂದರೆ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಭಾಗದಲ್ಲಿ ಶೇ 8 ಮೀಸಲು. ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪತ್ರ ಇದ್ದರೆ ಮಾತ್ರ ಇದು ಸಿಗುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5. ಅಂಕ ಹೆಚ್ಚಿಸಲು ಒಂದು ವರ್ಷ ದುಡಿದು, ಒಂದು ಕಾಗದಕ್ಕಾಗಿ ರ‍್ಯಾಂಕ್ ಕಳೆದುಕೊಂಡವರು ಪ್ರತಿವರ್ಷ ಸಿಗುತ್ತಾರೆ.

ಪ್ರಶ್ನೆ: ನನಗೆ ಎರಡನೇ ಸುತ್ತಿನಲ್ಲಿ ಉತ್ತರದ ತುದಿಯ ಜಿಲ್ಲೆಯೊಂದರಲ್ಲಿ ಸರ್ಕಾರಿ ಸೀಟು ಸಿಕ್ಕಿದೆ. ನಮ್ಮೂರಿನಿಂದ ಒಂದು ರಾತ್ರಿಯ ಪ್ರಯಾಣಕ್ಕಿಂತ ದೂರ. ಹೆಣ್ಣುಮಗಳು ಅಷ್ಟು ದೂರ ಬೇಡ, ಇನ್ನೊಂದು ವರ್ಷ ಓದಿ ಶಿವಮೊಗ್ಗದಲ್ಲೇ ತೆಗೆದುಕೊ ಎನ್ನುತ್ತಾರೆ ಅಜ್ಜಿ ಮತ್ತು ಅಪ್ಪ. ಅಮ್ಮ ಸುಮ್ಮನಿದ್ದಾರೆ. ಸೇರಿಕೊಂಡು ಆಮೇಲೆ ಶಿವಮೊಗ್ಗಕ್ಕೆ ವರ್ಗ ಮಾಡಿಸಿಕೊಳ್ಳಬಹುದೇ? ಅಥವಾ ಬಿಟ್ಟು ಮತ್ತೆ ಬರೆಯಲೇ?
— ತೀರ್ಥಹಳ್ಳಿ ತಾಲ್ಲೂಕಿನ ವಿದ್ಯಾರ್ಥಿನಿ

ಉತ್ತರ: ಬಿಡಬೇಡಿ. ಸೇರಿಕೊಳ್ಳಿ.

ವರ್ಗಾವಣೆಯನ್ನು ನಂಬಿ ಸೇರಬೇಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪದವಿ ಶಿಕ್ಷಣ ನಿಯಮಾವಳಿ ಕಾಲೇಜಿನಿಂದ ಕಾಲೇಜಿಗೆ ವರ್ಗವಾಗುವ ಹಳೆಯ ದಾರಿಯನ್ನು ಮುಚ್ಚಿತು. ಸೇರಿದ ಕಾಲೇಜಿನಲ್ಲೇ ಮುಗಿಸುವ ಮನಸ್ಸು ಮಾಡಿಕೊಂಡು ಹೊರಡಿ.

ಮನೆಯವರ ಮುಂದೆ ಈ ಮೂರು ವಿಷಯ ಇಡಿ. ಮೊದಲನೆಯದು, ಎಂಬಿಬಿಎಸ್ ಮುಗಿದ ಮೇಲೆ ಎಂಡಿ, ಎಂಎಸ್ ಸೀಟು ಹಂಚುವುದು ನೀಟ್ ಪಿಜಿ ರ‍್ಯಾಂಕ್ ಮೇಲೆ. ಅಲ್ಲಿ ಯಾವ ಕಾಲೇಜಿನಲ್ಲಿ ಓದಿದಿರಿ ಎಂದು ಕೇಳುವ ಕಾಲಂ ಅಂಕಕ್ಕೆ ಸೇರುವುದಿಲ್ಲ. ಎರಡನೆಯದು, ಸರ್ಕಾರಿ ಕಾಲೇಜುಗಳ ಶುಲ್ಕ ಎಲ್ಲ ಊರಿನಲ್ಲೂ ಸರಿಸುಮಾರು ಒಂದೇ, ವರ್ಷಕ್ಕೆ ಅರವತ್ತು ಸಾವಿರ ರೂಪಾಯಿಯ ಆಸುಪಾಸು. ಲಾಂಗ್ ಟರ್ಮ್ ಕೋಚಿಂಗ್, ಹಾಸ್ಟೆಲ್ ಎರಡೂ ಸೇರಿದರೆ ಅದಕ್ಕಿಂತ ಹೆಚ್ಚು ಹಣ ಒಂದೇ ವರ್ಷದಲ್ಲಿ ಕರಗುತ್ತದೆ. ಮೂರನೆಯದು, ಮುಂದಿನ ವರ್ಷ ಪ್ರಶ್ನೆಪತ್ರಿಕೆ ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. 2024ರಲ್ಲಿ 720ಕ್ಕೆ 720 ಪಡೆದವರು ಒಬ್ಬಿಬ್ಬರಲ್ಲ. 2025ರಲ್ಲಿ ದೇಶಕ್ಕೇ ಮೊದಲಿಗರಾದವರ ಅಂಕ 686. ಒಂದೇ ವರ್ಷದಲ್ಲಿ ಲೆಕ್ಕ ಹೀಗೆ ಬದಲಾಗುವ ಪರೀಕ್ಷೆಯನ್ನು ನಂಬಿ, ಕೈಯಲ್ಲಿರುವ ಸರ್ಕಾರಿ ಸೀಟನ್ನು ದೂರದ ಕಾರಣಕ್ಕೆ ಬಿಡುವುದು ಜಾಣತನವಲ್ಲ.

ಅಜ್ಜಿಯ ಭಯವನ್ನು ಹಗುರ ಮಾಡಬೇಡಿ. ಅಪ್ಪ, ಅಮ್ಮ ಇಬ್ಬರನ್ನೂ ಕರೆದುಕೊಂಡು ಹೋಗಿ ಹುಡುಗಿಯರ ಹಾಸ್ಟೆಲ್ ತೋರಿಸಿ, ವಾರ್ಡನ್ ಜೊತೆ ಮಾತಾಡಿಸಿ, ಮಲೆನಾಡಿನಿಂದ ಹೋಗಿ ಓದುತ್ತಿರುವ ಸೀನಿಯರ್ ಒಬ್ಬರನ್ನು ಭೇಟಿ ಮಾಡಿಸಿ. ಊಟ ಮೊದಲ ತಿಂಗಳು ಸೇರುವುದಿಲ್ಲ, ಆಮೇಲೆ ಜೋಳದ ರೊಟ್ಟಿ ಇಲ್ಲದೆ ನಿಮಗೇ ಆಗುವುದಿಲ್ಲ.

ಪ್ರಶ್ನೆ: ಮಗಳಿಗೆ ಕಳೆದ ವರ್ಷ ಕೆಇಎ ಮೂಲಕ ಖಾಸಗಿ ಕಾಲೇಜಿನಲ್ಲಿ ಪ್ರೈವೇಟ್ ಸೀಟು ಬಂತು. ವರ್ಷಕ್ಕೆ ಹನ್ನೆರಡು ಲಕ್ಷದ ಹತ್ತಿರ. ನನ್ನದು ಸಣ್ಣ ಕಿರಾಣಿ ಅಂಗಡಿ. ಹೊಲ ಮಾರುತ್ತೇನೆ ಎಂದೆ, ಅವಳೇ ಬೇಡವೆಂದು ಬಿಟ್ಟಳು. ಈಗ ಮನೆಯಲ್ಲೇ ಓದುತ್ತಿದ್ದಾಳೆ. ಮದುವೆ ಮನೆಗೂ ಬರುವುದಿಲ್ಲ, ಯಾರಾದರೂ ಕೇಳಿದರೆ ಅಳುತ್ತಾಳೆ. ವಿದೇಶದಲ್ಲಿ ಕಡಿಮೆ ಖರ್ಚಿಗೆ ಓದಿಸುತ್ತೇವೆಂದು ಏಜೆಂಟರು ದಿನಾ ಫೋನ್ ಮಾಡುತ್ತಾರೆ. ನಾವು ಮಾಡಿದ್ದು ತಪ್ಪಾಯಿತೇ?
— ಒಬ್ಬ ತಂದೆ, ದಾವಣಗೆರೆ

ಉತ್ತರ: ತಪ್ಪಾಗಿಲ್ಲ. ನಿಮ್ಮ ಮಗಳು ಲೆಕ್ಕ ಬಲ್ಲವಳು. ವರ್ಷಕ್ಕೆ ಹನ್ನೆರಡು ಲಕ್ಷವೆಂದರೆ ನಾಲ್ಕೂವರೆ ವರ್ಷದ ಓದಿಗೆ ಫೀಸೊಂದೇ ಅರ್ಧ ಕೋಟಿ ದಾಟುತ್ತದೆ. ಹೊಲ ಮಾರಿ ಸೇರಿಸಿದ್ದರೆ ಮೂರನೇ ವರ್ಷಕ್ಕೆ ಮಾರಲು ಏನೂ ಉಳಿಯುತ್ತಿರಲಿಲ್ಲ. ಫೀಸು ಕಟ್ಟಲಾಗದೆ ನಡುವೆ ಬಿಟ್ಟಿದ್ದರೆ ಹಣವೂ ಹೋಗಿ ಸೀಟೂ ಹೋಗುತ್ತಿತ್ತು. ಈ ಮಾತನ್ನು ನೀವು ಅವಳಿಗೆ ಒಮ್ಮೆ ಬಾಯಿಬಿಟ್ಟು ಹೇಳಿ. ನಮ್ಮ ಅಪ್ಪಂದಿರು ಇಂಥದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ.

ಈ ಸಲ ಆಪ್ಷನ್ ಎಂಟ್ರಿಗೆ ಕೂರುವ ಮುನ್ನ ಮನೆಯಲ್ಲಿ ಹಣದ ಮಿತಿ ಬರೆದಿಟ್ಟುಕೊಳ್ಳಿ. ಸರ್ಕಾರಿ ಕಾಲೇಜು ಮೊದಲು. ನಂತರ ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟು ಉಳಿದ ಖಾಸಗಿ ಕಾಲೇಜುಗಳಲ್ಲಿ ಸುಮಾರು ಶೇ 40 ಸೀಟು ಈ ಕೋಟಾದವು, ಶುಲ್ಕ ವರ್ಷಕ್ಕೆ ಒಂದೂವರೆ ಲಕ್ಷದ ಸುತ್ತಮುತ್ತ. ಕಟ್ಟಲಾಗದ ಸೀಟನ್ನು ಪಟ್ಟಿಗೆ ಹಾಕಲೇಬೇಡಿ. ಹಾಕಿದ್ದು ಬಂದೇ ಬರುತ್ತದೆ, ಬಂದ ಮೇಲೆ ಬಿಡುವುದಕ್ಕೆ ಠೇವಣಿ, ದಂಡ ಎಂದೆಲ್ಲ ಇರುತ್ತದೆ.

ಸಾಲದ ದಾರಿಗಳನ್ನು ಈಗಲೇ ವಿಚಾರಿಸಿ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಅಡಮಾನ ಕೇಳಬೇಕಿಲ್ಲ. ಅದಕ್ಕೆ ಕೇಂದ್ರದ ಖಾತರಿ ನಿಧಿ ಇದೆ. ಓದು ಮುಗಿದ ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ರಾಜ್ಯದಲ್ಲಿ ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ‘ಅರಿವು’ ಸಾಲವಿದೆ, ಅಲ್ಪಸಂಖ್ಯಾತರಿಗೆ ಅವರ ನಿಗಮದಲ್ಲಿ ಇದೇ ಹೆಸರಿನ ಯೋಜನೆ ಇದೆ. ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಇಷ್ಟರಲ್ಲಿ ದಾಟಬಹುದು. ಪ್ರೈವೇಟ್ ಸೀಟಿಗೆ ಇವು ಸಾಲುವುದಿಲ್ಲ.

ಏಜೆಂಟರ ಫೋನ್ ಬಂದಾಗ ಇಷ್ಟು ಕೇಳಿ: ಕೋರ್ಸ್ ಕನಿಷ್ಠ 54 ತಿಂಗಳಿನದೇ? ಇಂಗ್ಲಿಷಿನಲ್ಲೇ ಕಲಿಸುತ್ತಾರೆಯೇ? ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇದೆಯೇ? ಆ ದೇಶದಲ್ಲಿ ವೈದ್ಯ ವೃತ್ತಿ ಮಾಡಲು ಆ ಪದವಿ ಸಾಕೇ? 2021ರ ನಿಯಮದ ಪ್ರಕಾರ ಇವೆಲ್ಲ ಇದ್ದರೆ ಮಾತ್ರ ಇಲ್ಲಿ ನೋಂದಣಿಯ ಮಾತು. ಮರಳಿ ಬಂದ ಮೇಲೆ ಎಫ್‌ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಬರಬೇಕು, ಇಲ್ಲಿ ಮತ್ತೆ ಒಂದು ವರ್ಷ ಇಂಟರ್ನ್‌ಶಿಪ್ ಮಾಡಬೇಕು. ಇವಕ್ಕೆಲ್ಲ ಬರಹದಲ್ಲಿ ಉತ್ತರ ಕೊಡದವರಿಗೆ ಒಂದು ರೂಪಾಯಿ ಮುಂಗಡವೂ ಬೇಡ.

ಪ್ರಶ್ನೆ: ಅಖಿಲ ಭಾರತ ಕೌನ್ಸೆಲಿಂಗ್ ನಡೆಸುವ ಎಂಸಿಸಿಯ ಕೊನೆಯ ಸ್ಟ್ರೇ ಸುತ್ತಿನಲ್ಲಿ ಹೊರರಾಜ್ಯದ ಡೀಮ್ಡ್ ಕಾಲೇಜು ಬಂತು. ಫೀಸು ನೋಡಿ ಸೇರಲಿಲ್ಲ. ಠೇವಣಿ ಎರಡು ಲಕ್ಷ ಹೋಯಿತು. ಈಗ ನೀಟ್ ಬರೆಯುವಂತಿಲ್ಲ ಎಂದು ಗೆಳೆಯರು ಹೇಳುತ್ತಿದ್ದಾರೆ. ಬೇರೆ ಇಮೇಲ್, ಬೇರೆ ಫೋನ್ ನಂಬರ್ ಕೊಟ್ಟು ಅರ್ಜಿ ಹಾಕಿದರೆ ನಡೆಯುತ್ತದೆ ಎಂದು ಸೈಬರ್ ಸೆಂಟರಿನವರು ಅಂದರು.
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಸೈಬರ್ ಸೆಂಟರಿನವರ ಮಾತು ಕೇಳಿದರೆ ಒಂದು ವರ್ಷದ ತೊಂದರೆ ಹಲವು ವರ್ಷದ್ದಾಗುತ್ತದೆ. ಗುರುತು ಮುಚ್ಚಿಟ್ಟು ಅರ್ಜಿ ಹಾಕುವುದು ಅಕ್ರಮವೆಂದೇ ಲೆಕ್ಕ. ಹೆಸರು, ಹುಟ್ಟಿದ ದಿನ, ಹತ್ತನೇ ತರಗತಿಯ ದಾಖಲೆ, ಬೆರಳಚ್ಚು ಇವನ್ನು ಬದಲಿಸಲಾಗುವುದಿಲ್ಲ. ಸೀಟು ಸಿಕ್ಕಿ ಓದುತ್ತಿರುವಾಗ ಸಿಕ್ಕಿಬಿದ್ದರೆ ಪ್ರವೇಶವೇ ರದ್ದು.

ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಹುರುಳಿದೆ. ಇತ್ತೀಚಿನ ವರ್ಷಗಳ ಎಂಸಿಸಿ ನಿಯಮ ಸುತ್ತಿನಿಂದ ಸುತ್ತಿಗೆ ಬಿಗಿಯಾಗುತ್ತ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಸೇರದಿದ್ದರೆ ಯಾವ ನಷ್ಟವೂ ಇಲ್ಲ. ಎರಡನೆಯದರಲ್ಲಿ ಸೇರದಿದ್ದರೆ ಠೇವಣಿ ಹೋಗುತ್ತದೆ. ಅಖಿಲ ಭಾರತ ಕೋಟಾದಲ್ಲಿ ಅದು ಸಾಮಾನ್ಯ ವರ್ಗಕ್ಕೆ 10,000, ಮೀಸಲು ವರ್ಗಕ್ಕೆ 5,000, ಡೀಮ್ಡ್ ವಿಶ್ವವಿದ್ಯಾಲಯಕ್ಕೆ 2 ಲಕ್ಷ ರೂಪಾಯಿ. ಮೂರನೇ ಸುತ್ತಿನಲ್ಲಿ ಸೇರಿದವರು ರಾಜೀನಾಮೆ ಕೊಡುವಂತಿಲ್ಲ. ಸ್ಟ್ರೇ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೆ ಠೇವಣಿಯ ಜೊತೆಗೆ ಮುಂದಿನ ವರ್ಷದ ನೀಟ್‌ನಿಂದಲೂ ಹೊರಗೆ. ಕಾರಣ ಸರಳ: ಆ ಸುತ್ತಿನಲ್ಲಿ ಬಿಟ್ಟ ಸೀಟು ಇನ್ನೊಬ್ಬರಿಗೆ ಹೋಗಲು ಸಮಯ ಉಳಿದಿರುವುದಿಲ್ಲ, ಐದು ವರ್ಷ ಖಾಲಿ ಬಿದ್ದಿರುತ್ತದೆ.

ನೀವು ಭಾಗವಹಿಸಿದ ವರ್ಷದ ಮಾಹಿತಿ ಪುಸ್ತಿಕೆ ತೆಗೆದು ಆ ಸುತ್ತಿನ ನಿಯಮ ಓದಿ. ರೋಲ್ ನಂಬರ್ ಹಾಕಿ ಎಂಸಿಸಿಗೆ ಬರೆದು, ನಿಮ್ಮ ಸ್ಥಿತಿ ಏನೆಂದು ಲಿಖಿತ ಉತ್ತರ ಪಡೆಯಿರಿ. ನಿಷೇಧ ಇರುವುದು ನಿಜವಾದರೆ ಆ ವರ್ಷ ಡೆಂಟಲ್, ಆಯುರ್ವೇದ, ಹೋಮಿಯೋಪಥಿಗಳೂ ಇಲ್ಲ, ಅವೂ ನೀಟ್ ಮೂಲಕವೇ. ಕೆಸಿಇಟಿ ಮೂಲಕ ಸಿಗುವ ಬಿಎಸ್ಸಿ ನರ್ಸಿಂಗ್, ಕೃಷಿ ಪದವಿಗಳಿಗೆ ಅಡ್ಡಿಯಿಲ್ಲ. ಒಂದು ವರ್ಷ ಕಳೆದ ಮೇಲೆ ನೀವು ಎಲ್ಲರಂತೆ ಬರೆಯಬಹುದು. ಆ ಸಲ ಡೀಮ್ಡ್ ಕಾಲೇಜಿನ ಶುಲ್ಕವನ್ನು ಆಪ್ಷನ್ ಕೊಡುವ ಮೊದಲೇ ನೋಡಿ.

ಪ್ರಶ್ನೆ: 2015ರಲ್ಲಿ ಸಿಇಟಿಯಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿತ್ತು. ಗೆಳೆಯರೆಲ್ಲ ಎಂಜಿನಿಯರಿಂಗ್ ಕಡೆ ಹೋದರು, ನಾನೂ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡೆ. ಈಗ ವಯಸ್ಸು 29. ಒಳ್ಳೆಯ ಸಂಬಳವಿದೆ. ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಓಡಾಡುತ್ತಿರುವಾಗಿನಿಂದ ಡಾಕ್ಟರಾಗಬೇಕಿತ್ತು ಎಂಬ ಯೋಚನೆ ಬಿಡುತ್ತಿಲ್ಲ. ಈಗ ಸಾಧ್ಯವೇ?
— ಓದುಗ, ಬೆಂಗಳೂರು

ಉತ್ತರ: ನಿಯಮದ ಮಟ್ಟಿಗೆ ಸಾಧ್ಯ. ನೀಟ್‌ಗೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದರು. ಎಷ್ಟು ಸಲ ಬರೆಯಬಹುದು ಎಂಬ ಮಿತಿಯೂ ಇಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಕ್ಕೆ ಶೇ 40 ಇದ್ದರೆ ಸಾಕು. ಹತ್ತು ವರ್ಷದ ಹಿಂದೆ ಬಿಟ್ಟ ಸೀಟನ್ನು ಯಾರೂ ಎತ್ತಿ ಆಡುವುದಿಲ್ಲ.

ನೀವು ಬಿಟ್ಟಾಗಿನ ಪರೀಕ್ಷೆ ಈಗ ಇಲ್ಲ. ಆಗ ರಾಜ್ಯದ ಸಿಇಟಿ ಸಾಕಾಗಿತ್ತು, 2017ರಿಂದ ನೀಟ್ ಒಂದೇ ದಾರಿ. ಮೂರು ಗಂಟೆಯಲ್ಲಿ 180 ಪ್ರಶ್ನೆ, ಅದರಲ್ಲಿ ಅರ್ಧ ಜೀವಶಾಸ್ತ್ರ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಕಡಿತ. 2023ರಲ್ಲಿ ಪಠ್ಯಕ್ರಮವನ್ನೂ ಪರಿಷ್ಕರಿಸಿದ್ದಾರೆ, ಹಳೆಯ ಪುಸ್ತಕ ತೆಗೆಯಬೇಡಿ. ಕನ್ನಡ ಪ್ರಶ್ನೆಪತ್ರಿಕೆಯೂ ಇದೆ.

ಈಗ ಕಾಲದ ಲೆಕ್ಕ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಸರ್ಕಾರ ಕರೆದರೆ ಒಂದು ವರ್ಷ ಕಡ್ಡಾಯ ಗ್ರಾಮೀಣ ಸೇವೆ. ಮೂತ್ರಪಿಂಡ ತಜ್ಞರಾಗಬೇಕೆಂದರೆ ಎಂಡಿ ಮೂರು ವರ್ಷ, ಮೇಲೆ ಡಿಎಂ ಮೂರು ವರ್ಷ. ಎಲ್ಲ ಸಲೀಸಾಗಿ ನಡೆದರೂ ನಲವತ್ತು ದಾಟುತ್ತದೆ. ಅಲ್ಲಿಯವರೆಗೆ ಅಪ್ಪನ ಚಿಕಿತ್ಸೆಯ ಖರ್ಚು ಯಾರು ನೋಡುತ್ತಾರೆ?

ಕೆಲಸ ಬಿಡುವ ಮೊದಲು ನಾಲ್ಕು ತಿಂಗಳು ಬೆಳಗಿನ ಹೊತ್ತು ಎರಡು ಗಂಟೆ ಓದಿ. ಆಮೇಲೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಆ ಅಂಕಕ್ಕೆ ಆ ವರ್ಷ ಎಷ್ಟು ರ‍್ಯಾಂಕ್ ಸಿಗುತ್ತಿತ್ತು, ಆ ರ‍್ಯಾಂಕ್‌ಗೆ ನಿಮ್ಮ ವರ್ಗದಲ್ಲಿ ಸರ್ಕಾರಿ ಸೀಟು ಇತ್ತೇ ಎಂದು ಕೆಇಎ ಪ್ರಕಟಿಸಿದ ಕಟ್ ಆಫ್ ನೋಡಿ. ಹತ್ತಿರವೂ ಬರದಿದ್ದರೆ ಅಪ್ಪನ ಮೇಲಿನ ಪ್ರೀತಿಗೂ ವೃತ್ತಿಗೂ ಗಂಟು ಹಾಕಬೇಡಿ. ಹತ್ತಿರ ಬಂದರೆ ಮಾತ್ರ ರಾಜೀನಾಮೆಯ ಯೋಚನೆ ಮಾಡಿ.

ಪ್ರಶ್ನೆ: ನಾವು ಮೂಲತಃ ಮಂಡ್ಯ ಜಿಲ್ಲೆಯವರು, ಇಪ್ಪತ್ತು ವರ್ಷದಿಂದ ಅಮೆರಿಕದಲ್ಲಿದ್ದೇವೆ. ಮಗಳಿಗೆ ಹೋದ ವರ್ಷ ಒಂದು ಮೆಡಿಕಲ್ ಸ್ಕೂಲಿನಲ್ಲಿ ಪ್ರವೇಶ ಸಿಕ್ಕಿತ್ತು. ಅದೇ ಸಮಯಕ್ಕೆ ನನಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಒಂದು ವರ್ಷ ಮುಂದೂಡಲು ಕೇಳಿದಳು, ಅವರು ಒಪ್ಪಲಿಲ್ಲ, ಇವಳು ಬಿಟ್ಟುಬಿಟ್ಟಳು. ಈಗ ನಾನು ಚೆನ್ನಾಗಿದ್ದೇನೆ. ಮತ್ತೆ ಅರ್ಜಿ ಹಾಕುವಾಗ ಹಿಂದಿನದನ್ನು ಹೇಳಬೇಕೇ, ಮುಚ್ಚಿಡಬೇಕೇ ಎಂದು ಅವಳಿಗೆ ಗೊಂದಲ.
— ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಹೇಳಬೇಕು. ಕರ್ನಾಟಕದ ಹಂಚಿಕೆಗೂ ಅಲ್ಲಿನ ಪದ್ಧತಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಇಲ್ಲಿ ಯಾಕೆ ಬಿಟ್ಟಿರಿ ಎಂದು ಯಾರೂ ಕೇಳುವುದಿಲ್ಲ, ಅಲ್ಲಿ ಕೇಳುತ್ತಾರೆ. ಅಲ್ಲಿ ಆಯ್ಕೆ ಮಾಡುವುದು ಸಮಿತಿ. ಅಂಕದ ಜೊತೆಗೆ ಪ್ರಬಂಧ, ಶಿಫಾರಸು ಪತ್ರ, ಸಂದರ್ಶನ ಎಲ್ಲ ನೋಡುತ್ತಾರೆ. ಹಿಂದೆ ಪ್ರವೇಶ ಸಿಕ್ಕಿತ್ತೇ, ಯಾಕೆ ಸೇರಲಿಲ್ಲ ಎಂಬ ಪ್ರಶ್ನೆಯನ್ನು ಹಲವು ಕಾಲೇಜುಗಳು ತಮ್ಮ ಎರಡನೇ ಹಂತದ ಅರ್ಜಿಯಲ್ಲೇ ಕೇಳುತ್ತವೆ. ಅಲ್ಲಿ ಸುಳ್ಳು ಬರೆದು ಮುಂದೆ ಗೊತ್ತಾದರೆ ಪ್ರವೇಶ ಸಿಕ್ಕ ಮೇಲೂ ಹೋಗಬಹುದು.

ಈಚಿನ ವರ್ಷಗಳಲ್ಲಿ ಅಲ್ಲಿ ಎಂಡಿ ಕಾಲೇಜುಗಳಿಗೆ ಅರ್ಜಿ ಹಾಕುವವರು ಐವತ್ತು ಸಾವಿರ ಮೀರುತ್ತಾರೆ, ಸೇರುವವರು ಇಪ್ಪತ್ಮೂರು ಸಾವಿರದ ಆಸುಪಾಸು. ಸಿಕ್ಕ ಸ್ಥಾನ ಬಿಟ್ಟವರ ಬಗ್ಗೆ ಸಮಿತಿಗೆ ಬರುವ ಮೊದಲ ಅನುಮಾನ, ಇವರು ನಮ್ಮನ್ನೂ ಬಿಡುವುದಿಲ್ಲ ಎಂದು ಏನು ಖಾತ್ರಿ ಎಂಬುದು. ಇನ್ನೂ ಹೆಸರುವಾಸಿ ಕಾಲೇಜಿಗೆ ಕಾದು ಬಿಟ್ಟವರಿಗೆ ಇದಕ್ಕೆ ಉತ್ತರ ಕಷ್ಟ. ನಿಮ್ಮ ಮಗಳ ಕಾರಣ ಸ್ಪಷ್ಟವಾಗಿದೆ. ನಾಲ್ಕೈದು ಸಾಲು ಸಾಕು: ತಾಯಿಗೆ ಕಾಯಿಲೆ, ಮುಂದೂಡಲು ಕೇಳಿದ್ದು, ಅದಾಗದೆ ಬಿಟ್ಟದ್ದು, ಈಗ ಆ ಪರಿಸ್ಥಿತಿ ಮುಗಿದಿರುವುದು. ಅಳು ತರಿಸುವ ಪ್ರಬಂಧ ಬೇಡ, ಮುಂದೂಡಲು ಒಪ್ಪದ ಕಾಲೇಜಿನ ಮೇಲೆ ದೂರೂ ಬೇಡ.

ಹಳೆಯ ಅರ್ಜಿಯನ್ನೇ ಮತ್ತೆ ಕಳಿಸಬಾರದು. ನಡುವಿನ ವರ್ಷದಲ್ಲಿ ಏನು ಮಾಡಿದಳು ಎಂಬುದು ಕಾಣಬೇಕು. ನಿಮ್ಮ ಆರೈಕೆಯೂ ಅದರಲ್ಲಿ ಸೇರುತ್ತದೆ, ಅದರ ಜೊತೆಗೆ ಆಸ್ಪತ್ರೆಯ ಸೇವೆಯೋ ಸಂಶೋಧನೆಯೋ ಇದ್ದರೆ ಇನ್ನೂ ಒಳ್ಳೆಯದು. ಶಿಫಾರಸು ಪತ್ರಗಳನ್ನು ಹೊಸದಾಗಿ ಬರೆಸಿ. ಅಲ್ಲಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ಅಂಕ ಎರಡು ಮೂರು ವರ್ಷಕ್ಕಿಂತ ಹಳೆಯದಾದರೆ ಅನೇಕ ಕಾಲೇಜುಗಳು ಒಪ್ಪುವುದಿಲ್ಲ, ಪ್ರತಿ ಕಾಲೇಜಿನ ಗಡುವು ನೋಡಿ. ಎಂಡಿ ಕಾಲೇಜುಗಳಿಗೆ ಒಟ್ಟಾಗಿ ಹಾಕುವ ಆಮ್ಕಾಸ್ ಅರ್ಜಿ ಮೇ ತಿಂಗಳಲ್ಲಿ ತೆರೆಯುತ್ತದೆ, ಮೊದಲ ವಾರಗಳಲ್ಲೇ ಕಳಿಸುವುದು ಲೇಸು. ಹಿಂದೆ ಕರೆದ ಕಾಲೇಜಿಗೂ ಅರ್ಜಿ ಹಾಕಲಿ. ಬಿಡುವಾಗ ಸೌಜನ್ಯದಿಂದ ಪತ್ರ ಬರೆದಿದ್ದರೆ ಅಲ್ಲಿ ಅವಳ ಹೆಸರು ಕೆಟ್ಟಿರುವುದಿಲ್ಲ. ಡಿಓ (ಆಸ್ಟಿಯೋಪಥಿ) ಕಾಲೇಜುಗಳನ್ನೂ ಪಟ್ಟಿಗೆ ಸೇರಿಸಿ. 2020ರಿಂದ ಎಂಡಿ, ಡಿಓ ಎರಡೂ ಪದವೀಧರರಿಗೆ ರೆಸಿಡೆನ್ಸಿ ಮಾನ್ಯತೆಯ ವ್ಯವಸ್ಥೆ ಒಂದೇ ಆಗಿದೆ.

ಪ್ರಶ್ನೆ: ಮಗ ಮೊದಲ ವರ್ಷ ಡೆಂಟಲ್ ಸೀಟು ಬಿಟ್ಟ. ಎರಡನೇ ವರ್ಷ ಆಯುರ್ವೇದ ಬಿಟ್ಟ. ಈಗ ಮೂರನೇ ಲಾಂಗ್ ಟರ್ಮ್. ರಾತ್ರಿ ನಿದ್ದೆ ಮಾಡುವುದಿಲ್ಲ, ಊಟಕ್ಕೆ ಕರೆದರೆ ಸಿಟ್ಟು. ಎಂಬಿಬಿಎಸ್ ಬಿಟ್ಟು ಬೇರೆ ಮಾತೇ ಇಲ್ಲ. ಇನ್ನೆಷ್ಟು ವರ್ಷ ಬಿಡಬೇಕು ಮೇಡಂ?
— ಒಬ್ಬ ತಾಯಿ, ಹಾಸನ

ಉತ್ತರ: ಮೊದಲು ನಿದ್ದೆಯ ವಿಷಯ. ಅದು ವಾರಗಟ್ಟಲೆ ಮುಂದುವರಿದಿದ್ದರೆ ಹಟವೆಂದು ಬಿಡಬೇಡಿ. 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದು ಬೇಡ ಎನ್ನುವಂಥ ಮಾತು ಅವನ ಬಾಯಲ್ಲಿ ಬಂದರೆ ಅಂದೇ ಡಾಕ್ಟರ ಬಳಿ ಕರೆದೊಯ್ಯಿರಿ. ಪರೀಕ್ಷೆ ಆಮೇಲೆ.

ಎಷ್ಟು ವರ್ಷ ಎಂಬುದಕ್ಕೆ ಉತ್ತರ ಅವನ ರ‍್ಯಾಂಕ್‌ನಲ್ಲಿದೆ. ಅಂಕ ನೋಡಬೇಡಿ, ಅದು ಪತ್ರಿಕೆಯ ಕಷ್ಟದ ಮೇಲೆ ಏರಿಳಿಯುತ್ತದೆ. 2025ರಲ್ಲಿ ದೇಶದಲ್ಲಿ 22 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು, 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕಿಂತ ಹೆಚ್ಚು, ಅದರಲ್ಲಿ ಅರ್ಧದಷ್ಟು ಮಾತ್ರ ಸರ್ಕಾರಿ. ಮೊದಲ ವರ್ಷಕ್ಕಿಂತ ಎರಡನೇ ವರ್ಷ ರ‍್ಯಾಂಕ್ ಅರ್ಧಕ್ಕೆ ಇಳಿದು, ಸೀಟಿನ ಅಂಚಿಗೆ ಬಂದಿದ್ದರೆ ಮೂರನೇ ಪ್ರಯತ್ನಕ್ಕೆ ಅರ್ಥವಿದೆ. ಇದ್ದಲ್ಲೇ ಇದ್ದರೆ, ಅದೇ ಕೋಚಿಂಗ್, ಅದೇ ನೋಟ್ಸ್, ಅದೇ ಕೋಣೆಯಲ್ಲಿ ನಾಲ್ಕನೇ ವರ್ಷ ಹೊಸದೇನನ್ನೂ ಕೊಡುವುದಿಲ್ಲ.

ಈ ವರ್ಷ ಅವನು ಬರೆಯಲಿ. ಆದರೆ ಪರೀಕ್ಷೆಗೆ ಮೊದಲೇ, ಮನಸ್ಸು ತಿಳಿಯಾಗಿರುವ ಒಂದು ಸಂಜೆ, ಅವನನ್ನೂ ಅವನ ಅಪ್ಪನನ್ನೂ ಕೂರಿಸಿಕೊಂಡು ಒಪ್ಪಂದ ಮಾಡಿಕೊಳ್ಳಿ. ಇದು ಕೊನೆಯ ಸಲ. ಎಂಬಿಬಿಎಸ್ ಬಾರದಿದ್ದರೆ ಏನು ಎಂಬುದನ್ನು ಅವನೇ ಬರೆದುಕೊಡಲಿ: ಡೆಂಟಲ್, ಆಯುರ್ವೇದ, ಫಿಸಿಯೋಥೆರಪಿ, ನರ್ಸಿಂಗ್, ಬಿಎಸ್ಸಿ, ಏನಾದರೂ ಸರಿ. ಬರೆದದ್ದು ಬಂದರೆ ಸೇರಲೇಬೇಕು. ಕೆಸಿಇಟಿಗೂ ಅರ್ಜಿ ಹಾಕಿಸಿ. ಫಲಿತಾಂಶ ಬಂದ ದಿನ ಈ ಮಾತು ತೆಗೆದರೆ ಜಗಳವಾಗುತ್ತದೆ, ಈಗ ತೆಗೆದರೆ ಯೋಚನೆಯಾಗುತ್ತದೆ.

ನೆಂಟರು ‘ಯಾವಾಗ ಡಾಕ್ಟರಾಗ್ತಾನೆ’ ಎಂದರೆ ನೀವೇ ಉತ್ತರ ಕೊಟ್ಟು ಮಾತು ಮುಗಿಸಿ. ಅವನ ತನಕ ಹೋಗಲು ಬಿಡಬೇಡಿ.

ಓದುಗರಿಗೆ: ಏಳೂ ಪತ್ರಗಳಿಗೆ ಸೇರಿಸಿ ಹೇಳಬೇಕಾದದ್ದು ಇಷ್ಟು. ಹಿಂದೆ ಸೀಟು ಬಿಟ್ಟದ್ದು ನಮ್ಮ ರಾಜ್ಯದಲ್ಲಿ ಮುಂದಿನ ಪ್ರವೇಶಕ್ಕೆ ಕಳಂಕವಲ್ಲ. ಯಾವ ಸುತ್ತಿನಲ್ಲಿ ಬಿಟ್ಟಿರಿ ಎಂಬುದಕ್ಕೆ ಮಾತ್ರ ಬೆಲೆ ತೆರಬೇಕಾಗುತ್ತದೆ. ಕೈಯಲ್ಲಿ ಸರ್ಕಾರಿ ಸೀಟು ಇರುವವರು ಊರು, ಹೆಸರು ನೋಡಿ ಬಿಡಬೇಡಿ. ಬಿಟ್ಟು ಆಗಿರುವವರು ಕೊರಗುವುದನ್ನು ನಿಲ್ಲಿಸಿ, ಈ ವರ್ಷ ಏನು ಬೇರೆ ಮಾಡುತ್ತೀರಿ ಎಂದು ಬರೆದಿಟ್ಟುಕೊಳ್ಳಿ. ಠೇವಣಿ, ದಂಡ, ಗಡುವು, ಚಾಯ್ಸ್‌ಗಳ ನಿಯಮ ವರ್ಷದಿಂದ ವರ್ಷಕ್ಕೆ ತಿದ್ದುಪಡಿಯಾಗುತ್ತವೆ. ಆಯಾ ವರ್ಷ ಕೆಇಎ ಮತ್ತು ಎಂಸಿಸಿ ಹೊರಡಿಸುವ ಮಾಹಿತಿ ಪುಸ್ತಿಕೆಯೇ ಅಂತಿಮ. ಅದನ್ನು ಮಕ್ಕಳು ಮಾತ್ರವಲ್ಲ, ಮನೆಯ ಹಿರಿಯರೊಬ್ಬರೂ ಕೂತು ಮೊದಲಿನಿಂದ ಕೊನೆಯವರೆಗೆ ಓದಿ. ಸೀಟು ಒಪ್ಪುವ, ಬಿಡುವ ಗುಂಡಿಯನ್ನು ಅದಾದ ಮೇಲೆ ಒತ್ತಿ.